ಎಲ್ಲ ಹಾಡಿಗೂ ಒಂದೇ ಸದ್ದು

ಜೂನ್ 2, ಸೋಮವಾರ

ಅಳಿಯ ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಬರೆಯೋಕೆ ಏನೂ ಇರಲಿಲ್ಲ. ಇವತ್ತಿನಿಂದ ಇದೆ. ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಹೊತ್ತು ಹಾಡು ಹಾಕುವ ಉಸ್ತುವಾರಿ ನನ್ನ ಕೈಗೆ ಬಂದಿದೆ.

ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಸಂಘದ ಅಧ್ಯಕ್ಷರು ನಂಜಯ್ಯನವರು ಎಲ್ಲರ ಮುಂದೆ ಘೋಷಿಸಿಬಿಟ್ಟರು. ಶಿವಮಲ್ಲಪ್ಪನವರ ಹತ್ತಿರ ಇರೋ ಅಷ್ಟು ಹಾಡು ಈ ಮೈಸೂರಲ್ಲಿ ಇನ್ನಾರ ಹತ್ತಿರವೂ ಇಲ್ಲ, ಅವರೇ ನೋಡಿಕೊಳ್ಳಲಿ ಅಂದರು. ನಂಜಯ್ಯನವರದು ಗುಡುಗಿನಂಥ ಕಂಠ. ಅವರು ಮಾತಾಡಿದರೆ ಒಂದಕ್ಷರ ಬಿಡದೆ ಕೇಳಿಸ್ತದೆ. ಉಳಿದವರು ಹಾಗಲ್ಲ, ಈಚೆಗೆ ಎಲ್ಲರಿಗೂ ಗೊಣಗೋ ರೋಗ ಹತ್ತಿಕೊಂಡಿದೆ.

ಮನೆಗೆ ಬಂದು ಸರ್ವಮಂಗಳಾಗೆ ಸುದ್ದಿ ಹೇಳಿದೆ. ನನ್ನ ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕ್ತಾ, ಬೆನ್ನು ತಿರುಗಿಸಿಕೊಂಡೇ ಏನೋ ಅಂದಳು. ಖುಷಿ ಪಟ್ಟಿರಬೇಕು.

ಒಂದೇ ತೊಡಕು. ನನ್ನ ಹಾಡುಗಳು ಒಂದೊಂದು ಒಂದೊಂದು ಕಾಲದವು. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ವಚನ ಗಾಯನ ಪಿಸುಪಿಸು ಅಂತದೆ, ಅದರ ಹಿಂದೆಯೇ ಈಗಿನ ಸಿನಿಮಾ ಹಾಡು ಬಂದರೆ ಸಿಡಿಲು. ಹೋದ ಉಸ್ತುವಾರಿಯ ಕಾಲದಲ್ಲಿ ಒಬ್ಬ ಯಜಮಾನರು ಪ್ರಾಣಾಯಾಮ ಮಾಡ್ತಾ ಕೂತವರು ನಾದಸ್ವರ ಶುರುವಾದ ತಕ್ಷಣ ಬೆಂಚಿನಿಂದ ಕೆಳಗೆ ಬಿದ್ದಿದ್ದರು. ನನ್ನ ಕಾಲದಲ್ಲಿ ಹಾಗಾಗಬಾರದು.

ಜೂನ್ 5, ಗುರುವಾರ

ದಾರಿ ಸಿಕ್ಕಿತು. ಮಗಳು ಶಿಲ್ಪಶ್ರೀ ಬೋಗಾದಿಯಿಂದ ಫೋನು ಮಾಡಿ, ಫೋನಿನಲ್ಲೇ ಲ್ಯಾಪ್‌ಟಾಪಿನ ಒಂದೊಂದು ಬಟನ್ನೂ ಒತ್ತಿಸಿ ಹೇಳಿಕೊಟ್ಟಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡೋಳು, ಪಾಠದ ರೀತಿಯಲ್ಲೇ ಒಂದೊಂದನ್ನೂ ಮೂರು ಮೂರು ಸಲ ಹೇಳ್ತಾಳೆ.

ಇದಕ್ಕೆ ಅಂತಲೇ ಒಂದು ತಂತ್ರಾಂಶ ಇದೆ. ಹಾಡಿನ ಫೋಲ್ಡರ್ ತೋರಿಸಿದರೆ ಸಾಕು, ಒಂದೊಂದು ಹಾಡನ್ನೂ ತೂಗಿ ನೋಡಿ, ಇದು ಇಷ್ಟು ಡೆಸಿಬಲ್, ಅದು ಅಷ್ಟು ಅಂತ ಎದುರಿಗೆ ಬರೀತದೆ. ಆಮೇಲೆ ನಾವೊಂದು ಅಂಕಿ ಕೊಟ್ಟರೆ ಎಲ್ಲವನ್ನೂ ಆ ಮಟ್ಟಕ್ಕೆ ತಂದು ನಿಲ್ಲಿಸ್ತದೆ. ಎಂಬತ್ತೊಂಬತ್ತು ಅಂತ ಅದೇ ಒಂದು ಅಂಕಿ ಇಟ್ಟುಕೊಂಡಿರ್ತದೆ. ಹಾಡಿನ ಮೈಗೆ ಕೈ ಹಚ್ಚುವುದಿಲ್ಲ, ಎಷ್ಟು ಜೋರಾಗಿ ನುಡಿಸಬೇಕು ಅನ್ನೋ ಗುರುತು ಮಾತ್ರ ಬದಲಾಗ್ತದೆ. ಬೇಡ ಅಂದರೆ ಮೊದಲಿನ ಹಾಗೇ ಮಾಡಿಕೊಳ್ಳಬಹುದು.

ಸರ್ವಿಸ್ ಪೂರ್ತಿ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿಗೆ ಮುದ್ರೆ ಒತ್ತಿದವನು ನಾನು. ಪರದೆಯ ಮೇಲೆ ಎಂಬತ್ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೊಂಬತ್ತು ಅಂತ ಸಾಲು ನಿಂತಾಗ ಕಣ್ಣು ತುಂಬಿ ಬಂತು. ನಿವೃತ್ತಿಯಾದ ಮೇಲೆ ಇಷ್ಟು ಸಂತೋಷ ಆಗಿದ್ದೇ ಇಲ್ಲ. ಸರ್ವಮಂಗಳಾನ ಕರೆದು ತೋರಿಸಿದೆ. ಅಂಕಿ ನೋಡಿ ಅಳೋರನ್ನ ಇವತ್ತೇ ನೋಡಿದ್ದು ಅಂತ ಕೂಗಿ ಹೇಳಿ ಹೋದಳು.

ಜೂನ್ 8, ಭಾನುವಾರ

ಶಿಲ್ಪಶ್ರೀ ಬಂದಿದ್ದಳು. ಚಪ್ಪಲಿ ಬಿಡೋಕೆ ಮುಂಚೆಯೇ ಟೀವಿ ರಿಮೋಟಿಗೆ ಕೈ ಹಾಕಿ ಸದ್ದು ಇಳಿಸಿದಳು. ಗೇಟಿನ ತನಕ ಕೇಳಿಸ್ತಾ ಇದೆಯಂತೆ. ಕೇಳಿಸಲಿ ಬಿಡು, ವಾರ್ತೆ ತಾನೆ ಅಂದೆ.

ಊಟಕ್ಕೆ ಕೂತಾಗ ಕಿವಿ ಪರೀಕ್ಷೆಯ ವಿಷಯ ಎತ್ತಿದಳು. ದೇಶದ ಮೂಲೆಮೂಲೆಯಿಂದ ಜನ ನಮ್ಮೂರಿನ ವಾಕ್ ಶ್ರವಣ ಸಂಸ್ಥೆಗೆ ಬರ್ತಾರೆ, ನಿಮಗೆ ಒಂದು ಸಿಟಿ ಬಸ್ಸು ಹತ್ತೋಕೆ ಆಗಲ್ವಾ ಅಂತ ಗದರಿಸಿದಳು. ನನ್ನ ಕಿವಿಗೇನಾಗಿದೆ? ತಾಯಿ ಮಗಳು ಬಾಯೊಳಗೇ ಮಾತಾಡಿಕೊಂಡು ಕಿವೀನ ದೂರಿದರೆ ಹೇಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಾಯಂಕಾಲ ಪಾರ್ಕಿಗೆ ಆರಿಸಿದ ಹಾಡುಗಳನ್ನು ಕೇಳಿಸಿದೆ. ಒಂದು ಜನಪದ ಜೋಗುಳ ಇತ್ತು, ತೀರಾ ಮೆಲ್ಲಗಿದ್ದದ್ದನ್ನ ಮೇಲಕ್ಕೆತ್ತಿದ್ದೆ. ಸರ್ವಮಂಗಳಾ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. ಜೋಗುಳವನ್ನ ಡೊಳ್ಳು ಬಡಿದ ಹಾಗೆ ಹಾಡಿಸಿದ್ದೀರಲ್ಲ, ಮಲಗಿರೋ ಮಗು ಎದ್ದು ಕೂತ್ಕೊತದೆ ಅಂದಳು. ತಕ್ಕಡಿಗೆ ಬೆಳ್ಳಿಯೂ ಒಂದೇ, ಬೆಲ್ಲವೂ ಒಂದೇ ಅಂತ ಉತ್ತರ ಕೊಟ್ಟೆ. ಅದಕ್ಕೆ ಅವಳು ಏನೋ ಅಂದಳು, ಮಗಳೂ ನಕ್ಕಳು. ಏನು ಅಂತ ಕೇಳಿದರೆ "ಏನಿಲ್ಲ ಬುಡಿ" ಅಂತ ಇಬ್ಬರೂ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಜೂನ್ 12, ಗುರುವಾರ

ಎಂಬತ್ತೊಂಬತ್ತು ಸಾಲದು. ಮನೆಯೊಳಗೆ ಸರಿ, ಬಯಲಿನಲ್ಲಿ ಸದ್ದು ಗಾಳಿಗೆ ಹೋಗ್ತದೆ. ಪಾರ್ಕಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇದ್ದರೂ ನಡುವಿನ ಬೆಂಚಿಗೆ ಬರೋ ಹೊತ್ತಿಗೆ ಹಾಡಿನ ಅರ್ಧ ಅಕ್ಷರ ಉದುರಿ ಹೋಗಿರ್ತವೆ. ತೊಂಬತ್ತಮೂರಕ್ಕೆ ಏರಿಸಿದೆ. ಕೆಲವು ಹಾಡುಗಳ ಎದುರಿಗೆ ತಂತ್ರಾಂಶ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ತೋರಿಸ್ತಾ ಇದೆ, ಇದಕ್ಕಿಂತ ಮೇಲೆ ಹೋದರೆ ದನಿ ಒಡೆಯುತ್ತದಂತೆ. ಒಡೆದದ್ದು ನನಗೇನೂ ಕಾಣಲಿಲ್ಲ.

ಪಾರ್ಕಿಗೆ ಅಂಟಿಕೊಂಡ ಮನೆಯ ಗುರುಕಿರಣ್ ಬಂದಿದ್ದ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ರಾತ್ರಿಪಾಳಿ ಮುಗಿಸಿ ಬಂದು ಮಲಗೋ ಹೊತ್ತಿಗೆ ನನ್ನ ವಚನ ಶುರುವಾಗ್ತದೆ ಅಂತ ಅವನ ದೂರು. ಒಳ್ಳೇ ಹುಡುಗ, ಆದರೆ ಸಂಗೀತದ ಗಂಧ ಇಲ್ಲ. ಸ್ಪೀಕರ್ ಅವನ ಕಿಟಕಿಗೇ ಮುಖ ಮಾಡಿದೆಯಂತೆ. ಮುಖ ಎತ್ತ ಇದ್ದರೇನಪ್ಪ, ಮಟ್ಟ ಒಂದೇ, ನಾಲ್ಕೂ ಮೂಲೆಗೆ ಸಮ ಅಂತ ವಿವರಿಸಿದೆ. ಕೈ ಮುಗಿದು ಹೊರಟುಹೋದ. ಒಪ್ಪಿಕೊಂಡ ಅಂತ ಕಾಣ್ತದೆ.

ಜೂನ್ 16, ಸೋಮವಾರ

ಹಾಡಿನ ಕೆಲಸ ಸಾಗಿದೆ. ಮನೆಯದೇ ಒಂದು ಯೋಚನೆ.

ಸರ್ವಮಂಗಳಾ ಬದಲಾಗಿದ್ದಾಳೆ. ಇವತ್ತು ದಿನವಿಡೀ ಅವಳು ನನ್ನ ಜೊತೆ ಆಡಿದ ಮಾತು: ಊಟಕ್ಕೆ ಬನ್ನಿ, ಗ್ಯಾಸು ಬಂತು, ಫ್ಯಾನ್ ಆರಿಸಿ. ಅದೂ ಸಿಟ್ಟು ಬಂದವಳ ಹಾಗೆ ಏರು ದನಿಯಲ್ಲಿ. ಮೊದಲು ಹೀಗಿರಲಿಲ್ಲ. ಸಾಯಂಕಾಲ ಹಿತ್ತಲ ಮೆಟ್ಟಿಲ ಮೇಲೆ ಸೊಪ್ಪು ಸೋಸೋಕೆ ಕೂತಳೆಂದರೆ ಬೀದಿಯ ವರದಿ ಪೂರ್ತಿ ಒಪ್ಪಿಸೋಳು. ಯಾರ ಮನೆಗೆ ಯಾರು ಬಂದರು, ಯಾವ ಅತ್ತೆ ಯಾವ ಸೊಸೆಗೆ ಏನಂದಳು, ಯಾರ ಸೀರೆ ಯಾರದ್ದು. ಪಕ್ಕದ ಮನೆಗೆ ಕೇಳಬಾರದು ಅಂತ ದನಿ ಇಳಿಸಿ, ಭುಜಕ್ಕೆ ಭುಜ ತಾಗಿಸಿಕೊಂಡು ಹೇಳೋಳು. ನಾನು ಸಾಕು ಮಾರಾಯ್ತಿ ಅಂತಿದ್ದೆ. ಈಗ ಅದೇ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಸೋಸಿ ಎದ್ದು ಹೋಗ್ತಾಳೆ.

ಸಾಕು ಅಂದದ್ದಕ್ಕೆ ಕೋಪವೋ ಏನೋ. ಒಂದು ಮೊಳ ಮಲ್ಲಿಗೆ ತಂದುಕೊಟ್ಟೆ. ಮುಡಿದುಕೊಂಡಳು, ಮಾತು ಬರಲಿಲ್ಲ.

ಜೂನ್ 20, ಶುಕ್ರವಾರ

ಗುರುಕಿರಣ್ ಈ ಸಲ ಬರೀ ಕೈಲಿ ಬರಲಿಲ್ಲ. ಸದ್ದು ಅಳೆಯೋ ಆ್ಯಪನ್ನ ಫೋನಿಗೆ ಹಾಕಿಕೊಂಡು ಬಂದಿದ್ದ. ಅಳತೆ ಅಂದರೆ ನಾನು ಹಿಂಜರಿಯೋನಲ್ಲ. ನಡಿ ಅಂದೆ. ನಂಜಯ್ಯನವರು, ಅವನು, ನಾನು ಮೂವರೂ ಪಾರ್ಕು ಸುತ್ತಿದೆವು. ನನಗೆ ಹಿತವಾಗಿ ಕೇಳಿಸೋ ಕಡೆ ಅವನ ಫೋನು, ಇದು ಟ್ರಾಫಿಕ್ಕಿನ ಸದ್ದಿಗಿಂತ ಜೋರು ಅಂತ ತೋರಿಸ್ತು. ಕಿಟಕಿಯ ಹತ್ತಿರವಂತೂ ಮುಳ್ಳು ಕೆಂಪಿಗೆ ಹೋಯಿತು.

ಈ ಮಾಪಕಕ್ಕೆ ಮುದ್ರೆ ಯಾರು ಒತ್ತಿದ್ದು ಅಂತ ಕೇಳಿದೆ. ಮುದ್ರೆ ಇಲ್ಲದ ಮಾಪಕವನ್ನ ನನ್ನ ಸರ್ವಿಸ್ಸಿನಲ್ಲಿ ಒಂದನ್ನೂ ಒಪ್ಪಿದವನಲ್ಲ. ನಂಜಯ್ಯನವರ ಫೋನಿಗೂ ಅದನ್ನೇ ಹಾಕಿದರು, ನನ್ನ ಫೋನಿಗೂ ಹಾಕಿದರು. ಮೂರೂ ಒಂದೇ ಮಾತು ಹೇಳಿದವು. ಮೂರು ತಕ್ಕಡಿ ಒಂದು ತೂಕ ತೋರಿಸಿ ನಾಲ್ಕನೆಯದು ಬೇರೆ ತೋರಿಸಿದರೆ ಕೆಟ್ಟಿರೋದು ನಾಲ್ಕನೆಯದು ಅನ್ನೋದು ನಮ್ಮ ಇಲಾಖೆಯ ನಿಯಮ. ಇಲ್ಲಿ ನಾಲ್ಕನೆಯ ತಕ್ಕಡಿಯೇ ಇಲ್ಲವಲ್ಲ, ಹೋಲಿಸೋದು ಯಾವುದಕ್ಕೆ?

ಜೂನ್ 21, ಶನಿವಾರ

ಮೂರೂ ಅಗ್ಗದ ಫೋನು. ವಿಷಯ ಅಷ್ಟೇ.

ತೊಂಬತ್ತಾರಕ್ಕೆ ಏರಿಸಿದೆ.

ಜೂನ್ 26, ಗುರುವಾರ

ಸರ್ವಮಂಗಳಾ ಬೋಗಾದಿಗೆ ಹೋದಳು, ಮಗಳ ಮನೆಗೆ. ಇವತ್ತಿನಿಂದ ಆಷಾಢ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗ್ತಾಳೆ, ಇವಳು ಈ ವಯಸ್ಸಿನಲ್ಲಿ ಮಗಳ ಮನೆಗೆ ಹೊರಟಿದ್ದಾಳೆ ಅಂತ ನಗು ಬಂತು.

ನಾನು ಲ್ಯಾಪ್‌ಟಾಪಿನ ಮುಂದೆ ಇದ್ದೆ. ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಹೋಗಿ ಬರ್ತೀನಿ ಅಂದಿರ್ತಾಳೆ. ಆಯ್ತು, ಹುಷಾರಾಗಿ ಹೋಗಿ ಬಾ ಅಂದೆ. ಆದರೂ ಅಲ್ಲೇ ನಿಂತಿದ್ದಳು. ಆಟೋ ಬಂದ ಮೇಲೆ ಗೇಟಿನ ಹತ್ತಿರವೂ ಒಂದು ಗಳಿಗೆ ನಿಂತು ತಿರುಗಿ ನೋಡಿದಳು. ಕಿಟಕಿಯಿಂದ ಕೈ ಬೀಸಿದೆ.

ಎರಡು ದೊಡ್ಡ ಬ್ಯಾಗು. ಒಳಗೆ ಹೋಗಿ ನೋಡಿದರೆ ಅವಳ ಪೂಜೆ ಸಾಮಾನಿಲ್ಲ, ಅವಳ ಅವ್ವನ ಫೋಟೋ ಇಲ್ಲ, ಚಳಿಗಾಲದ ಶಾಲೂ ಇಲ್ಲ. ದೋಸೆ ಕಾವಲಿಯನ್ನೂ ತೆಗೆದುಕೊಂಡು ಹೋಗಿದ್ದಾಳೆ. ಮಗಳ ಮನೆಯಲ್ಲಿ ಕಾವಲಿ ಇಲ್ಲವೇ? ಹೆಂಗಸರು ನಾಲ್ಕು ದಿನಕ್ಕೆ ಹೊರಟರೂ ಹೀಗೇ.

ಜೂನ್ 30, ಸೋಮವಾರ

ಒಬ್ಬನೇ ಇರೋದು ಅಂಥ ಕಷ್ಟವೇನಲ್ಲ. ಮನೆ ಸುಮ್ಮನಿದೆ. ಅವಳಿದ್ದಾಗಲೂ ಈಚೆಗೆ ಹೀಗೇ ಇತ್ತು, ಅದಕ್ಕೇ ಅಷ್ಟಾಗಿ ಗೊತ್ತಾಗ್ತಿಲ್ಲ ಅಂತ ಕಾಣ್ತದೆ.

ಅನ್ನಕ್ಕಿಟ್ಟೆ. ಕುಕ್ಕರ್ ಸೀಟಿಯೇ ಹೊಡೀಲಿಲ್ಲ. ವಾಸನೆ ಬಂದ ಮೇಲೆ ಹೋಗಿ ನೋಡಿದರೆ ತಳ ಸೀದು ಕರಿಬಂಡೆಯಾಗಿದೆ. ಪಕ್ಕದ ಮನೆಯ ಹುಡುಗಿ ಬಿಂದು ಓಡಿ ಬಂದು ಒಲೆ ಆರಿಸಿದಳು. ಸೀಟಿ ಹೊಡೀತಾನೇ ಇತ್ತು ಅಂಕಲ್ ಅಂತಾಳೆ. ಹೊಸ ಸೀಟಿ ತರಬೇಕು.

ಶಿಲ್ಪಶ್ರೀಗೆ ಫೋನು ಮಾಡಿ ಅಮ್ಮನಿಗೆ ಕೊಡು ಅಂದೆ. ಗಂಟಲು ಕೆಟ್ಟಿದೆ, ಮಾತಾಡಲ್ಲ ಅಂದಳು. ಯಾವಾಗ ಬರ್ತಾಳೆ ಅಂತ ಕೇಳಿದೆ. ಅಪ್ಪ, ನಿಮಗೆ ನಿಜವಾಗಲೂ ಗೊತ್ತಿಲ್ವಾ ಅಂತ ಕೇಳಿದಳು. ಗೊತ್ತಿದ್ದರೆ ಯಾಕೆ ಕೇಳ್ತಿದ್ದೆ. ಫೋನು ಇಟ್ಟುಬಿಟ್ಟಳು. ಪಾಠ ಮಾಡಿ ಸುಸ್ತಾಗಿರ್ತಾಳೆ.

ಜುಲೈ 2, ಬುಧವಾರ

ಉಸ್ತುವಾರಿ ಹೋಯಿತು.

ಪಾರ್ಕಿನಲ್ಲೇ ಸಭೆ. ಗುರುಕಿರಣ್ ಒಬ್ಬನೇ ಅಲ್ಲ, ಸುತ್ತಲ ಮನೆಯವರೆಲ್ಲ ಬಂದಿದ್ದರು. ನಾನು ಲ್ಯಾಪ್‌ಟಾಪು ತೆರೆದು ತೋರಿಸಿದೆ, ನೋಡಿ, ಒಂದು ಹಾಡೂ ಹೆಚ್ಚಿಲ್ಲ ಕಮ್ಮಿಯಿಲ್ಲ, ಎಲ್ಲವೂ ತೊಂಬತ್ತಾರು. ಬೇಕಾದರೆ ಕೇಳಿ ಅಂತ ಆ್ಯಂಪ್ಲಿಫೈಯರ್ ಹಾಕಿದೆ. ಹೆಂಗಸರು ಕಿವಿ ಮುಚ್ಚಿಕೊಂಡರು. ಮರದ ಮೇಲಿನ ಕಾಗೆಗಳೂ ಎದ್ದು ಹೋದವು. ನಂಜಯ್ಯನವರು ತಾವೇ ಎದ್ದು ಬಂದು ವೈರು ಕಿತ್ತರು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಅಂದರು. ನನಗೂ ಹಾಗೇ ಅನ್ನಿಸಿತ್ತು, ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ.

ಊರಿಗೆ ಉಪಕಾರ ಮಾಡಬಾರದು. ಮನೆಗೆ ಬಂದು ಇದನ್ನೆಲ್ಲ ಹೇಳೋಣ ಅಂದರೆ ಸರ್ವಮಂಗಳಾ ಇಲ್ಲ. ಅಡುಗೆಮನೆ ಬಾಗಿಲ ತನಕ ಹೋಗಿ ಬಾಯಿ ತೆರೆದು ಆಮೇಲೆ ನೆನಪಾಯಿತು.

ಜುಲೈ 5, ಶನಿವಾರ

ಶಿಲ್ಪಶ್ರೀ ಬೆಳಗ್ಗೆಯೇ ಫೋನು ಮಾಡಿ, ತನಗೆ ಪರೀಕ್ಷೆ ಡ್ಯೂಟಿ ಇದೆ, ಅಮ್ಮನನ್ನ ಗಂಟಲು ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ ಅಂದಳು. ಹೋದೆ. ಸರ್ವಮಂಗಳಾ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತಿದ್ದಳು, ಒಂದು ಸುತ್ತು ಇಳಿದುಹೋಗಿದ್ದಳು. ನನ್ನ ಶರಟಿನ ಕಾಲರ್ ಸರಿಮಾಡಿದಳು, ಮಾತಿಲ್ಲ.

ಡಾಕ್ಟರು ಹೆಂಗಸು, ಮುಖಕ್ಕೆ ಮಾಸ್ಕು. ಇವಳ ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪರದೆಯಲ್ಲಿ ನೋಡಿದರು. ಧ್ವನಿಪೆಟ್ಟಿಗೆಯಲ್ಲಿ ಎರಡು ಸಣ್ಣ ಗಂಟು, ಪರದೆಯ ಮೇಲೆ ನನಗೂ ಕಾಣಿಸಿತು. ಪುಣ್ಯಕ್ಕೆ ಕೆಟ್ಟ ಜಾತಿಯದಲ್ಲವಂತೆ. ಮಾಸ್ಕು ಇಳಿಸಿ ಅವಳನ್ನ ಕೇಳಿದರು:

"ಟೀಚರಾ ನೀವು?"

ಅವಳು ಇಲ್ಲ ಅಂತ ತಲೆಯಾಡಿಸಿದಳು. ಗಂಟೆಗಟ್ಟಲೆ ಕಿರುಚಿ ಪಾಠ ಮಾಡೋರಿಗೆ ಇದು ಬರ್ತದೆ, ಇಲ್ಲಾಂದ್ರೆ ಬೀದಿ ಮೇಲೆ ಕೂಗಿ ವ್ಯಾಪಾರ ಮಾಡೋರಿಗೆ, ಮನೇಲಿರೋರಿಗೆ ಯಾಕೆ ಬಂತು ಅಂತ ಡಾಕ್ಟರಿಗೆ ಆಶ್ಚರ್ಯ. ಸರ್ವಮಂಗಳಾ ಹೆಬ್ಬೆರಳನ್ನ ನನ್ನ ಕಡೆಗೆ ತೋರಿಸಿದಳು.

ಡಾಕ್ಟರು ಮಾಸ್ಕು ಮೇಲಕ್ಕೆಳೆದುಕೊಂಡು, ಪರದೆಯ ಕಡೆ ತಿರುಗಿ ಏನೋ ಕೇಳಿದರು. ನನ್ನನ್ನೇ ಅಂತ ಕಾಣ್ತದೆ. ಏನಂದ್ರಿ ಅಂದೆ. ಇನ್ನೊಮ್ಮೆ ಕೇಳಿದರು. ಸ್ವಲ್ಪ ಜೋರಾಗಿ ಹೇಳಿ ತಾಯಿ ಅಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಮುಂದೆ ಏನೂ ಕೇಳಲಿಲ್ಲ, ಎರಡು ಚೀಟಿ ಬರೆದರು. ಒಂದು ಅವಳಿಗೆ: ಆಷಾಢ ಮುಗಿಯೋ ತನಕ ಬಾಯಿ ತೆರೆಯಬಾರದು, ಆಮೇಲೂ ಮೆಲ್ಲಗೆ ಮಾತ್ರ, ಜನ್ಮದಲ್ಲಿ ಇನ್ನು ಕಿರುಚಬಾರದು. ಇನ್ನೊಂದು ನನಗೆ.

ಅವಳನ್ನ ಬೋಗಾದಿಗೆ ಬಿಟ್ಟು ಬಂದೆ.

ಜುಲೈ 6, ಭಾನುವಾರ

ಬರೆಯೋಕೆ ಏನೂ ತೋಚ್ತಿಲ್ಲ. ಅವಳ ಗಂಟಲಿನ ಗಂಟು ಕಣ್ಣ ಮುಂದಿನಿಂದ ಹೋಗ್ತಿಲ್ಲ. ಅವು ನಾನು ಮಾಡಿದ್ದು.

ಜುಲೈ 10, ಗುರುವಾರ

ಬಸ್ಸು ಹತ್ತಿ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಹತ್ತಿಯಲ್ಲಿ ಸುತ್ತಿಟ್ಟ ಹಾಗಿರೋ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಗಾಜಿನ ಆಚೆ ಕೂತ ಹುಡುಗಿ ನನ್ನನ್ನೇ ನೋಡ್ತಿದ್ದಳು. ಬಹಳ ಹೊತ್ತು ಏನೂ ಬರಲಿಲ್ಲ, ಯಂತ್ರ ಕೆಟ್ಟಿದೆ ಅಂತ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವಳ ಬೆರಳು ನೋಡಿದೆ. ಅವಳು ಒತ್ತುತ್ತಲೇ ಇದ್ದಳು, ಸದ್ದು ಬರ್ತಾನೇ ಇತ್ತು. ನಾನು ಒತ್ತಿರಲಿಲ್ಲ.

ಹೊರಗೆ ಬಂದ ಮೇಲೆ ನಕ್ಷೆ ತೋರಿಸಿ ತಿಳಿಸಿ ಹೇಳಿದಳು. ಗೆರೆ ಎಡಗಡೆ ಮೇಲಿದ್ದು ಬಲಗಡೆಗೆ ಬೆಟ್ಟದ ಮೆಟ್ಟಿಲ ಹಾಗೆ ಇಳಿದುಹೋಗಿದೆ. ವಯಸ್ಸಾದವರಿಗೆ ಮೊದಲು ಹೋಗೋದು ಸಣ್ಣ ದನಿಗಳಂತೆ. ಸೀಟಿ, ಹಕ್ಕಿ, ಹೆಂಗಸರ ಮಾತು, ಮಕ್ಕಳ ಮಾತು. ಗಂಡಸರ ದಪ್ಪ ದನಿ ಉಳೀತದಂತೆ. ಅಂದರೆ ನಂಜಯ್ಯನವರ ಭಾಷಣ ಪೂರ್ತಿ ಉಳಿದು ಸರ್ವಮಂಗಳಾಳ ಮಾತು ಹೋಗಿದೆ. ಇದೆಂಥ ನ್ಯಾಯ ಅಂತ ಆ ಹುಡುಗಿಯನ್ನೇ ಕೇಳಿದೆ. ಪಾಪ, ನಕ್ಕಳು.

ನಮ್ಮ ಇಲಾಖೆಯ ತೂಕದ ಬಟ್ಟುಗಳನ್ನೂ ಸವೆದಿವೆಯಾ ಅಂತ ನೋಡಿಸೋಕೆ ಕಾಲಕ್ಕೆ ಸರಿಯಾಗಿ ಮೇಲಿನವರಿಗೆ ಕಳಿಸ್ತಿದ್ದೆವು. ನಾನು ಒಂದು ಸಲವೂ ತಪ್ಪಿಸಿದವನಲ್ಲ. ಊರ ತಕ್ಕಡಿಗೆಲ್ಲ ಮುದ್ರೆ ಒತ್ತಿ, ತಲೆಯ ಎರಡು ಪಕ್ಕ ಇರೋದನ್ನ ಬಿಟ್ಟಿದ್ದೆ. ಕಿವಿಗೆ ಹಾಕೋ ಮೆಷಿನ್ನು ಬರೋಕೆ ಇನ್ನೆರಡು ವಾರ ಬೇಕಂತೆ.

ಜುಲೈ 14, ಸೋಮವಾರ

ಬೆಳಗ್ಗೆ ಬಾಗಿಲು ತೆಗೆದರೆ ಸರ್ವಮಂಗಳಾ. ಎರಡೂ ಬ್ಯಾಗು ಸಮೇತ. ನಾನು ಹೋಗಿ ಕರೆದಿರಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೀಲಿ ಅಂತ ಸುಮ್ಮನಿದ್ದೆ. ಅವಳು ನೇರ ಒಳಗೆ ಹೋಗಿ, ಕಾವಲಿ ಒಲೆ ಪಕ್ಕ ಇಟ್ಟು, ಸೀದ ಕುಕ್ಕರನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿ, ನನ್ನನ್ನ ನೋಡಿದಳು. ಮಾತಾಡೋ ಹಾಗಿಲ್ಲ, ಆದರೂ ಎಲ್ಲ ಬೈಗುಳವೂ ಬಂತು.

ಯಾಕೆ ಬಂದೆ ಅಂತ ಕೇಳೋ ಧೈರ್ಯ ಆಗಲಿಲ್ಲ. ಬಂದದ್ದು ಸಾಕು. ಕುಕ್ಕರ್ ತಿಕ್ಕೋಕೆ ಕೂತೆ.

ಜುಲೈ 26, ಶನಿವಾರ

ಮೆಷಿನ್ನು ಬಂತು. ಕಿವಿಯ ಹಿಂದೆ ಅವರೆಕಾಳಿನಷ್ಟು. ಆ ಹುಡುಗಿ ಅದನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ನನ್ನ ನಕ್ಷೆ ಎದುರಿಗಿಟ್ಟುಕೊಂಡು, ಎಲ್ಲಿ ಕಮ್ಮಿಯಿದೆಯೋ ಅಲ್ಲಿ ಮಾತ್ರ ಏರಿಸಿದಳು. ಎಲ್ಲವನ್ನೂ ಒಂದೇ ಸಮ ಯಾಕೆ ಏರಿಸಲ್ಲ ಅಂತ ಕೇಳಿದೆ. ಹಾಗೆ ಮಾಡಿದರೆ ನಿಮಗೆ ತಲೆನೋವು ಬರ್ತದೆ ಸಾರ್, ಗಲಾಟೆ ಹೆಚ್ಚಾಗ್ತದೆ, ಮಾತು ತಿಳಿಯಲ್ಲ ಅಂದಳು. ಮೆಲ್ಲಗೆ ಹೇಳಿದಳು. ಕೇಳಿಸಿತು.

ದಾರಿಯುದ್ದಕ್ಕೂ ಗಾಬರಿ. ಬಸ್ಸಿನ ಕಿಟಕಿ ಗಡಗಡ, ಚಿಲ್ಲರೆ ಕಾಸು ಝಣಝಣ, ಪಕ್ಕದವನು ಕಡಲೆಕಾಯಿ ಸಿಪ್ಪೆ ಬಿಡಿಸೋದೂ ಕೇಳಿಸ್ತಿದೆ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡ್ತದೆ ಅಂತ ಗೊತ್ತಿರಲಿಲ್ಲ. ಮನೆಗೆ ಬಂದರೆ ಸರ್ವಮಂಗಳಾ ಕುಕ್ಕರ್ ಇಟ್ಟಿದ್ದಳು. ಸೀಟಿ ಹೊಡೀತು. ಕುರ್ಚಿಯಿಂದ ಎದ್ದೇಬಿಟ್ಟೆ. ಅವಳು ಗೋಡೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರೋ ತನಕ ನಕ್ಕಳು.

ಜುಲೈ 29, ಮಂಗಳವಾರ

ಪೆನ್‌ಡ್ರೈವ್ ಹಾಕಿ, ಪಾರ್ಕಿಗೆ ನಾನು ಮಾಡಿದ ಹಾಡುಗಳನ್ನ ಮನೆಯಲ್ಲೇ ಕೇಳಿದೆ. ಮೂರು ಹಾಡಿಗಿಂತ ಹೆಚ್ಚು ಕೇಳೋಕೆ ಆಗಲಿಲ್ಲ. ತಂಬೂರಿ ಹರಿದ ತಗಡಿನ ಹಾಗೆ ಕರಕರ ಅಂತಿದೆ. ಕೆಂಪು ಅಕ್ಷರ ಹೇಳಿದ್ದು ಇದನ್ನೇ. ಆ ಜೋಗುಳ ಬಂದಾಗ ನಾನೇ ಕಿವಿಯಿಂದ ಮೆಷಿನ್ನು ತೆಗೆದಿಟ್ಟೆ.

ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿದೆ. ಗುರುಕಿರಣ್ ಮನೆಗೆ ಹೋಗಿ ತಪ್ಪಾಯ್ತಪ್ಪ ಅಂದೆ. ಅವನು ಒಳಗೆ ಕರೆದು ಕಾಫಿ ಕೊಟ್ಟ. ಹಾಡು ನಿಂತ ಮೇಲೆ ಪಾರ್ಕು ಬಿಕೋ ಅಂತಿದೆ, ಸ್ಪೀಕರ್ ತಿರುಗಿಸಿ ಮೆಲ್ಲಗೆ ಹಾಕೋದಾದರೆ ತಾನೇ ನಂಜಯ್ಯನವರಿಗೆ ಹೇಳ್ತೀನಿ ಅಂದ. ಎಷ್ಟು ಮೆಲ್ಲಗೆ ಅನ್ನೋದನ್ನ ನಮ್ಮ ಮನೆಯವಳು ಬಂದು ಹೇಳ್ತಾಳೆ, ನನ್ನನ್ನ ಕೇಳಬೇಡ ಅಂದೆ.

ಆಗಸ್ಟ್ 1, ಶುಕ್ರವಾರ

ಡಾಕ್ಟರು ಇವಳಿಗೆ ಮಾತಾಡೋಕೆ ಅಪ್ಪಣೆ ಕೊಟ್ಟರು, ಮೆಲ್ಲಗೆ ಮಾತ್ರ. ಸಾಯಂಕಾಲ ಹಿತ್ತಲ ಮೆಟ್ಟಿಲ ಮೇಲೆ ದಂಟಿನ ಸೊಪ್ಪು ಹಾಕಿಕೊಂಡು ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಎರಡು ವರ್ಷದ ಬೀದಿ ವರದಿ ಬಾಕಿ ಇದೆ. ಇವತ್ತು ಒಂದು ಸಾಲು ಮನೆ ಮುಗೀತು. ನಂಜಯ್ಯನವರ ಹಲ್ಲುಸೆಟ್ಟು ಬೀಗರ ಊಟದಲ್ಲಿ ಹೋಳಿಗೆಗೆ ಕಚ್ಚಿಕೊಂಡು ಎಲೆ ಮೇಲೆ ಕೂತದ್ದು. ಬಿಂದುವಿಗೆ ನಿಶ್ಚಯವಾಗಿದ್ದ ಗಂಡು ತಪ್ಪಿ, ಆಮೇಲೆ ಅದೇ ಗಂಡು ಮತ್ತೆ ಬಂದದ್ದು. ತಪ್ಪಿದ್ದೇ ನನಗೆ ಗೊತ್ತಿರಲಿಲ್ಲ, ಮತ್ತೆ ಬಂದದ್ದಕ್ಕೆ ಹೇಗೆ ಸಂತೋಷ ಪಡೋದು? ಆಗ ಊಟ ಮಾಡ್ತಾ ಹೇಳಿದ್ದೆ, ನೀವು ಸಾರು ಬಡಿಸು ಅಂದ್ರಿ ಅಂತಾಳೆ. ನಾಳೆ ಎದುರು ಸಾಲಂತೆ. ಸಾಕು ಅನ್ನಲಿಲ್ಲ.

ಆಗಸ್ಟ್ 4, ಸೋಮವಾರ

ಶ್ರಾವಣ ಸೋಮವಾರ. ಮಠಕ್ಕೆ ಹೋಗಿ ಬಂದು ಮೆಟ್ಟಿಲ ಮೇಲೆ ಕೂತೆವು. ಎದುರು ಸಾಲಿನ ಕೊನೇ ಮನೆಯ ವಿಷಯ ನಡೀತಿತ್ತು. ಆ ಮನೆ ಮಾರಿದ್ದು, ಕೊಂಡವರು ಬಾವಿ ಮುಚ್ಚಿಸಿದ್ದು, ಅವರ ನಾಯಿ ಹೆಸರು. ಅದೇ ದನಿಯಲ್ಲಿ, ಏರಿಸದೆ ಇಳಿಸದೆ, ಸೊಪ್ಪಿನ ಕಡ್ಡಿ ಮುರೀತಾ ಮುಂದುವರಿಸಿದಳು:

"ಆಮೇಲೆ ಆಷಾಢದ ಮೊದಲ ದಿನ ನಾನು ಮನೆ ಬಿಟ್ಟು ಹೋದೆ. ಬಾಗಿಲಲ್ಲಿ ನಿಂತು, ಇನ್ನು ಈ ಮನೆಗೆ ಬರಲ್ಲ ಕಣ್ರೀ ಅಂದೆ. ನೀವು ಆಯ್ತು, ಹುಷಾರಾಗಿ ಹೋಗಿ ಬಾ ಅಂದ್ರಿ."

ನಾಯಿಯ ವಿಷಯಕ್ಕೂ ಇದಕ್ಕೂ ದನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಜೋರಾಗಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಅದು ಕಿರುಚಿ ಹೇಳೋ ಮಾತಾ? ಊಟಕ್ಕೆ ಬನ್ನಿ ಅಂತ ಕಿರುಚಬಹುದು. ಗ್ಯಾಸು ಬಂತು ಅಂತ ಕಿರುಚಬಹುದು. ನನಗೆ ಬೇಜಾರಾಗಿದೆ ಅಂತ ಕಿರುಚೋಕಾಗ್ತದಾ? ಕಿವಿ ಇಲ್ಲ ಅಂತ ಗೊತ್ತಿತ್ತು. ಆದ್ರೆ ದಿನಾ ಉತ್ತರ ಬರದೆ ಇದ್ರೆ, ಮನಸ್ಸೂ ಇಲ್ವೇನೋ ಅನ್ನಿಸ್ಬುಡ್ತದೆ."

ಸೊಪ್ಪು ಅರ್ಧ ಉಳಿದಿತ್ತು. ನಾನೂ ಒಂದು ಹಿಡಿ ತೆಗೆದುಕೊಂಡು ಸೋಸೋಕೆ ಶುರು ಮಾಡಿದೆ, ಕಡ್ಡಿ ಯಾವುದು ಎಲೆ ಯಾವುದು ಕಾಣಿಸಲಿಲ್ಲ. ಸೋಸ್ತಾ ಸೋಸ್ತಾನೇ ಕೇಳಿದೆ, ಮತ್ತೆ ಯಾಕೆ ಬಂದೆ, ಆಗಿನ್ನೂ ನನಗೆ ಮೆಷಿನ್ನೂ ಬಂದಿರಲಿಲ್ಲವಲ್ಲ.

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಅಲ್ಲಿ ಎಲ್ಲರಿಗೂ ಚೆನ್ನಾಗಿ ಕೇಳಿಸ್ತದೆ. ಆದ್ರೆ ಇದನ್ನೆಲ್ಲ ಹೇಳಬೇಕು ಅನ್ನಿಸೋರು ಯಾರೂ ಇರಲಿಲ್ಲ."

ಇನ್ನೊಂದು ಸಲ ಹೇಳು ಅಂದೆ. ಕೈ ನಿಲ್ಲಿಸಿ, ಕೇಳಿಸಲಿಲ್ವಾ ಅಂತ ನನ್ನ ಕಿವಿಯ ಕಡೆ ಬಗ್ಗಿ ನೋಡಿದಳು. ಕೇಳಿಸಿತು, ಅದಕ್ಕೇ, ಅಂದೆ.